ಜೇ ಡಿಲ್ಲಾನ ಡ್ರಮ್ ಎಡವುವುದು ಕೈತಪ್ಪೋ, ಬೇಕೆಂದೇ ಮಾಡಿದ್ದೋ?

ತನಿ ಆವರ್ತನ | ಶನಿವಾರ, ರಾತ್ರಿ 9:40

ನಾನು ಹದಿನಾಲ್ಕು ವರ್ಷ ಮೃದಂಗ ಕಲಿತವನು. ಕಛೇರಿಯಲ್ಲಿ ಕೂರುವ ಯೋಗ ಬರಲಿಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಯೋಗ ಬಂತು. ಆದರೂ ಕಾಲಪ್ರಮಾಣ ಕೂದಲೆಳೆಯಷ್ಟು ಜಾರಿದರೂ ಗೊತ್ತಾಗುವಷ್ಟು ಪೆಟ್ಟನ್ನು ಗುರುಗಳಿಂದ ತಿಂದಿದ್ದೇನೆ.

ತಂಗಿಯ ಮಗ ರಜೆಗೆ ನಮ್ಮ ಮನೆಗೆ ಬಂದಿದ್ದಾನೆ. ಹದಿನೇಳು ವರ್ಷ. ಬಂದ ದಿನದಿಂದ ಮನೆಯಲ್ಲಿ ಒಬ್ಬನದೇ ಸಂಗೀತ: ಅಮೆರಿಕದ ರ‍್ಯಾಪರ್, ನಿರ್ಮಾಪಕ ಜೇ ಡಿಲ್ಲಾ. 1974ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡವನಂತೆ. ‘ಮಾವ, ಲಯ ಎಂದರೆ ಇದು’ ಎಂದು ಒಂದು ಹಾಡು ಕೇಳಿಸಿದ. ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದೆ. ಹೈಹ್ಯಾಟ್, ಅಂದರೆ ಡ್ರಮ್ ಸೆಟ್ಟಿನ ಜೋಡಿ ತಾಳ, ಸರಿಯಾಗಿ ನಡೆಯುತ್ತಿದೆ. ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಪೆಟ್ಟು ಒಂದು ಚೂರು ಮೊದಲೇ ಬೀಳುತ್ತದೆ. ಕಾಲಿನಲ್ಲಿ ಬಾರಿಸುವ ದೊಡ್ಡ ಕಿಕ್ ಡ್ರಮ್ ಮಾತ್ರ ಕತ್ತಲಲ್ಲಿ ಹೊಸ್ತಿಲು ಎಡವಿದವನ ಹಾಗೆ ಎಲ್ಲೆಲ್ಲೋ ಬೀಳುತ್ತದೆ. ‘ಇದು ತಪ್ಪು’ ಎಂದೆ. ಎರಡು ದಿನದಿಂದ ಹುಡುಗ ಮಾತು ಬಿಟ್ಟಿದ್ದಾನೆ, ಊಟಕ್ಕೆ ಕರೆದರೆ ಅತ್ತೆಗೆ ಮಾತ್ರ ಉತ್ತರ.

ತಿಳಿದವರು ಹೇಳಿ. ಇದು ಬಾರದೆ ಆದದ್ದೋ, ಬೇಕೆಂದೇ ಮಾಡಿದ್ದೋ? ಬೇಕೆಂದೇ ಮಾಡಿದ್ದಾದರೆ ಯಾವ ಸುಖಕ್ಕೆ?

ಸುಮ್ಮನೆ ಓದುಗ | ರಾತ್ರಿ 9:52

ಹೆಸರೇ ಕೇಳಿಲ್ಲ. ನಿರ್ಮಾಪಕ ಎಂದರೆ ದುಡ್ಡು ಹಾಕುವವನೇ?

ಕತ್ತರಿ | ರಾತ್ರಿ 9:58

ಅಲ್ಲ. ಸಿನಿಮಾದ ನಿರ್ಮಾಪಕ ಬೇರೆ. ಹಿಪ್‌ಹಾಪ್‌ನಲ್ಲಿ ನಿರ್ಮಾಪಕ ಎಂದರೆ ಹಾಡಿನ ಕೆಳಗಿರುವ ಸಂಗೀತವನ್ನೆಲ್ಲ ಕಟ್ಟುವವನು. ಬೀಟ್, ಬೇಸ್, ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಎತ್ತಿದ ತುಣುಕು ಎಲ್ಲವೂ ಅವನದೇ ಜವಾಬ್ದಾರಿ. ನಮ್ಮ ಲೆಕ್ಕದಲ್ಲಿ ಸಂಗೀತ ನಿರ್ದೇಶಕ ಎನ್ನಿ.

ಆವರ್ತನ ಸರ್, ನಿಮ್ಮ ಅಳಿಯನ ಪಕ್ಷ ನಾನು. ಅದು ಬೇಕೆಂದೇ ಮಾಡಿದ್ದು. ಅಕಾಯ್ ಕಂಪನಿಯ ಎಂಪಿಸಿ ಎಂಬ ಪೆಟ್ಟಿಗೆಯೊಂದಿದೆ. ವಿನ್ಯಾಸ ಮಾಡಿದವರು ರೋಜರ್ ಲಿನ್. 1988ರಲ್ಲಿ ಎಂಪಿಸಿ 60 ಬಂತು, 1994ರಲ್ಲಿ ಎಂಪಿಸಿ 3000. ಹದಿನಾರು ರಬ್ಬರ್ ಪ್ಯಾಡುಗಳು, ಒಂದೊಂದಕ್ಕೆ ಒಂದೊಂದು ಸದ್ದು ತುಂಬಿಕೊಂಡು ಬೆರಳಿನಿಂದ ತಟ್ಟುವುದು. ನೀವು ಹೇಗೆಯೇ ತಟ್ಟಿದರೂ ಅದನ್ನು ಸಮೀಪದ ಸರಿಯಾದ ಜಾಗಕ್ಕೆ ಎಳೆದು ಕೂರಿಸುವ ಸೌಲಭ್ಯ ಅದರಲ್ಲಿದೆ. ‘ಟೈಮಿಂಗ್ ಕರೆಕ್ಟ್’ ಎಂದೇ ಅದರ ಹೆಸರು. ಡಿಲ್ಲಾ ಅದನ್ನು ಆರಿಸಿಬಿಟ್ಟು ಕೈಯಲ್ಲೇ ನುಡಿಸುತ್ತಿದ್ದ. ಗುಟ್ಟು ಅಷ್ಟೇ.

ತನಿ ಆವರ್ತನ | ರಾತ್ರಿ 10:05

ತಪ್ಪು ತಿದ್ದುವ ಯಂತ್ರವನ್ನು ಆರಿಸಿದರೆ ತಪ್ಪು ಉಳಿಯುತ್ತದೆ, ಕಲೆ ಹೇಗಾಗುತ್ತದೆ? ನನ್ನ ಗುರುಗಳು ಹೀಗೆ ನುಡಿಸಿದವನಿಗೆ ಕಾಫಿಯನ್ನೂ ಕೊಡುತ್ತಿರಲಿಲ್ಲ.

ಹಿಮದೂರು | ರಾತ್ರಿ 10:31

ನಾನು ಡೆಟ್ರಾಯಿಟ್‌ನ ಹೊರವಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ, ಕಾರಿನ ಬಿಡಿಭಾಗ ವಿನ್ಯಾಸ ಮಾಡುವ ಕೆಲಸ. ಡಿಲ್ಲಾ ಈ ಊರಿನ ಹುಡುಗ. ಪೂರ್ತಿ ಹೆಸರು ಜೇಮ್ಸ್ ಡಿವಿಟ್ ಯಾನ್ಸಿ. ಬೆಳೆದದ್ದು ಕೊನಾಂಟ್ ಗಾರ್ಡನ್ಸ್ ಎಂಬ ಬಡಾವಣೆಯಲ್ಲಿ. ಕರಿಯರು ಸ್ವಂತ ಮನೆ ಕೊಳ್ಳುವುದೇ ಕಷ್ಟವಾಗಿದ್ದ ಕಾಲದಲ್ಲಿ ಅವರು ಮನೆ ಕಟ್ಟಿಕೊಂಡು ನೆಲೆಸಿದ ಜಾಗ ಅದು. ಗುಲಾಮಗಿರಿಯನ್ನು ವಿರೋಧಿಸಿದ ಶೂಬೆಲ್ ಕೊನಾಂಟ್ ಎಂಬವರ ಹೆಸರು ಅದಕ್ಕಿದೆ.

ತಾಯಿ ಮೊರೀನ್ ಯಾನ್ಸಿ ಒಪೆರಾ ಹಾಡಿದವರು, ತಂದೆ ಜಾಝ್ ಬೇಸ್ ನುಡಿಸುತ್ತಿದ್ದರು. ಮೋಟೌನ್ ಎಂಬ ಧ್ವನಿಮುದ್ರಿಕೆ ಕಂಪನಿ ಡೆಟ್ರಾಯಿಟ್ ಬಿಟ್ಟು ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿದ್ದು 1972ರಲ್ಲಿ, ಈತ ಹುಟ್ಟುವುದಕ್ಕೆ ಎರಡು ವರ್ಷ ಮೊದಲು. ಕಂಪನಿ ಹೋಯಿತು, ನುಡಿಸುವವರು ಊರಲ್ಲೇ ಉಳಿದರು. ನೆರೆಹೊರೆಯಲ್ಲಿ ಆಂಪ್ ಫಿಡ್ಲರ್ ಎಂಬ ಕೀಬೋರ್ಡ್ ವಾದಕ ಇದ್ದರು, ಫಂಕ್ ಸಂಗೀತಗಾರ ಜಾರ್ಜ್ ಕ್ಲಿಂಟನ್ ತಂಡದವರು. ಹುಡುಗರನ್ನು ನೆಲಮಾಳಿಗೆಗೆ ಕರೆದು ತಮ್ಮ ಎಂಪಿಸಿಯನ್ನು ಮುಟ್ಟಲು ಬಿಟ್ಟವರು ಅವರೇ. ಕೈಪಿಡಿಯ ಗೊಡವೆ ಬೇಡ, ನೀನೇ ತಡಕಾಡಿ ಕಲಿ ಎಂಬುದು ಅವರ ಪಾಠದ ರೀತಿ. ಅವರು 2023ರ ಡಿಸೆಂಬರಿನಲ್ಲಿ ತೀರಿಕೊಂಡರು.

ಪರ್ಶಿಂಗ್ ಹೈಸ್ಕೂಲಿನ ಗೆಳೆಯರಾದ ಟಿ3, ಬಾಟಿನ್ ಜೊತೆ ಸೇರಿ ಕಟ್ಟಿದ ತಂಡವೇ ಸ್ಲಮ್ ವಿಲೇಜ್.

ಸುಮ್ಮನೆ ಓದುಗ | ರಾತ್ರಿ 10:34

ಎಮಿನೆಮ್ ಕೂಡ ಅದೇ ಊರಲ್ಲವೇ? ಅವನು ಗೊತ್ತು, ಇವನು ಏಕೆ ಗೊತ್ತಿಲ್ಲ?

ಹಿಮದೂರು | ರಾತ್ರಿ 10:40

ಅದೇ ಊರು, ಅದೇ ಕಾಲ. ಎಮಿನೆಮ್‌ನ ಆಪ್ತ ಗೆಳೆಯ ಪ್ರೂಫ್ ಇಲ್ಲಿ ‘ಹಿಪ್‌ಹಾಪ್ ಶಾಪ್’ ಎಂಬ ಬಟ್ಟೆ ಅಂಗಡಿಯಲ್ಲಿ ವಾರವಾರ ರ‍್ಯಾಪ್ ಪಂದ್ಯ ನಡೆಸುತ್ತಿದ್ದ. ಎಲ್ಲರೂ ಅಲ್ಲಿ ಹಾಯ್ದುಹೋದವರೇ. ಡಿಲ್ಲಾ ಹೋದದ್ದು 2006ರ ಫೆಬ್ರವರಿಯಲ್ಲಿ. ಪ್ರೂಫ್ ಅದೇ ವರ್ಷ ಏಪ್ರಿಲ್‌ನಲ್ಲಿ 8 ಮೈಲ್ ರಸ್ತೆಯ ಕ್ಲಬ್ಬೊಂದರಲ್ಲಿ ಗುಂಡೇಟಿಗೆ ಸತ್ತ. ಆ ಚಳಿಗಾಲವನ್ನು ಇಲ್ಲಿನವರು ಇನ್ನೂ ನೆನೆಯುತ್ತಾರೆ.

ಏಕೆ ಗೊತ್ತಿಲ್ಲ ಎಂದರೆ, ಮುಖ ತೋರಿಸಿದವನು ಎಮಿನೆಮ್. ಇವನು ನೆಲಮಾಳಿಗೆಯವನು.

ಹಳೆಯ ಕ್ಯಾಸೆಟ್ | ರಾತ್ರಿ 11:02

ಕ್ಷಮಿಸಿ, ಇದನ್ನು ಸಂಗೀತ ಎನ್ನುವುದೇ ನನಗೆ ಒಪ್ಪಿಗೆಯಿಲ್ಲ. ಬೇರೆಯವರು ಬೆವರು ಸುರಿಸಿ ನುಡಿಸಿದ್ದನ್ನು ಕತ್ತರಿಸಿ ಅಂಟಿಸುವುದು ದರ್ಜಿಯ ಕೆಲಸ.

ಕತ್ತರಿ | ರಾತ್ರಿ 11:06

ದರ್ಜಿಯನ್ನು ಏಕೆ ಹೀಗಳೆಯುತ್ತೀರಿ? ಬಟ್ಟೆ ನೇಯ್ದವನು ಬೇರೆ ಎಂದು ನೀವು ಅಂಗಿಯನ್ನು ತೊಡದೆ ಇರುತ್ತೀರಾ?

ಹಳೆಯ ಕ್ಯಾಸೆಟ್ | ರಾತ್ರಿ 11:09

ದರ್ಜಿ ಬಟ್ಟೆಗೆ ದುಡ್ಡು ಕೊಟ್ಟಿರುತ್ತಾನೆ.

ಕರಿ ಕೋಟು | ರಾತ್ರಿ 11:25

ಕೊನೆಯ ಮಾತಿಗೆ ವಕೀಲನಾಗಿ ಒಂದು ಸೇರಿಕೆ. 1991ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ರ‍್ಯಾಪರ್ ಬಿಜ್ ಮಾರ್ಕಿಯ ವಿರುದ್ಧ ತೀರ್ಪು ಕೊಟ್ಟಿತು. ‘ಕದಿಯಬೇಡ’ ಎಂಬ ಬೈಬಲ್ ಆಜ್ಞೆಯಿಂದಲೇ ಆ ತೀರ್ಪು ಶುರುವಾಗುತ್ತದೆ. ಅಲ್ಲಿಂದ ಮುಂದೆ ತುಣುಕಿಗೂ ಅನುಮತಿ ಬೇಕು, ಹಣ ಬೇಕು ಎಂಬುದು ಉದ್ಯಮದ ರೂಢಿಯಾಯಿತು. 2005ರ ಬ್ರಿಜ್‌ಪೋರ್ಟ್ ಪ್ರಕರಣ ಇನ್ನೂ ಬಿಗಿ: ಧ್ವನಿಮುದ್ರಿಕೆಯ ಎರಡು ಸೆಕೆಂಡಿಗೂ ಪರವಾನಗಿ ತೆಗೆದುಕೋ, ಇಲ್ಲವೇ ಮುಟ್ಟಬೇಡ. ಅಂದರೆ ಡಿಲ್ಲಾ ಕೆಲಸ ಮಾಡಿದ ಅಷ್ಟೂ ವರ್ಷ ತಲೆಯ ಮೇಲೆ ಈ ಕತ್ತಿ ತೂಗುತ್ತಿತ್ತು. ದೊಡ್ಡ ಕಂಪನಿಯ ಹಾಡಾದರೆ ಹಣ ಕೊಟ್ಟೇ ಬಳಸುವುದು. ಕಾಮನ್ ಎಂಬ ರ‍್ಯಾಪರ್‌ನ ‘ದ ಲೈಟ್’ ಹಾಡು ಬಾಬಿ ಕಾಲ್ಡ್‌ವೆಲ್ ಅವರ ಹಳೆಯ ಹಾಡಿನ ಮೇಲೆ ನಿಂತಿದೆ, ಆ ಹಾಡಿನ ಋಣ ಬಹಿರಂಗ.

ನಮ್ಮ ದೇಶಕ್ಕೂ ಈ ವಿಷಯದಲ್ಲಿ ಒಂದು ಪಾಲಿದೆ. 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’ ಬಂತು. ಬೀಟ್ ಕಟ್ಟಿದವರು ಡಿಜೆ ಕ್ವಿಕ್, ಬಿಡುಗಡೆ ಡಾಕ್ಟರ್ ಡ್ರೆ ಕಂಪನಿಯಿಂದ. ಹಾಡಿನುದ್ದಕ್ಕೂ ಲತಾ ಮಂಗೇಶ್ಕರ್ ದನಿ. 1981ರ ‘ಜ್ಯೋತಿ’ ಚಿತ್ರಕ್ಕೆ ಬಪ್ಪಿ ಲಹಿರಿ ಮಾಡಿದ ‘ಥೋಡಾ ರೇಶಮ್ ಲಗ್ತಾ ಹೈ’. ಕೇಳಲಿಲ್ಲ, ಹೆಸರು ಹಾಕಲಿಲ್ಲ. 2003ರಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಲಯ, ಲಹಿರಿ ಹೆಸರು ಹಾಕುವ ತನಕ ಆಲ್ಬಮ್ ಮಾರಬೇಡಿ ಎಂದಿತು.

ಚಕ್ಕುಲಿ | ರಾತ್ರಿ 11:31

ಬಪ್ಪಿದಾ ಮೇಲೆ ಯಾರಾದರೂ ಕದ್ದಿದ್ದೀರಿ ಎಂದು ಹೇಳುವುದಕ್ಕೆ ಮೊದಲು ಬಪ್ಪಿದಾ ಅವರೇ ಕದ್ದವರಾಗಿ ಗೆದ್ದರಲ್ಲ, ಆ ಸುದ್ದಿ ಓದಿ ಅಂದು ನಮ್ಮ ಮನೆಯಲ್ಲಿ ಎಲ್ಲರೂ ನಕ್ಕಿದ್ದೆವು.

ಕರಿ ಕೋಟು | ರಾತ್ರಿ 11:33

ನಿಮ್ಮ ವಾಕ್ಯ ಅರ್ಥವಾಗಲಿಲ್ಲ. ಕದ್ದವರು ಆ ಕಡೆಯವರು, ಗೆದ್ದವರು ಲಹಿರಿ.

ಚಕ್ಕುಲಿ | ರಾತ್ರಿ 11:34

ನಾನು ಹೇಳಿದ್ದೂ ಹೆಚ್ಚುಕಡಿಮೆ ಅದೇ. ನಿದ್ದೆ ಬರುತ್ತಿದೆ.

ಒರಳುಕಲ್ಲು | ಭಾನುವಾರ, ಬೆಳಿಗ್ಗೆ 7:15

ಎಲ್ಲರೂ ಆ ಮನುಷ್ಯನನ್ನು ಏಕವಚನದಲ್ಲಿ ಕರೆಯುತ್ತಿದ್ದೀರಿ. ತೀರಿಕೊಂಡ ಕಲಾವಿದರಿಗೆ ಒಂದು ಬಹುವಚನ ದುಬಾರಿಯೇ?

ಕತ್ತರಿ | ಬೆಳಿಗ್ಗೆ 8:02

ಪ್ರೀತಿಯ ಏಕವಚನ ಮೇಡಂ. ಅಣ್ಣಾವ್ರಿಗೆ ಬಹುವಚನ, ದೇವರಿಗೆ ಏಕವಚನ.

ಎರಡನೇ ಕಾಲ | ಬೆಳಿಗ್ಗೆ 8:40

ಕತ್ತರಿಯವರು ರಾತ್ರಿ ಹೇಳಿದ್ದು ಅರ್ಧ ಸರಿ. ‘ತಿದ್ದುವ ಗುಂಡಿ ಆರಿಸಿದ, ಅಷ್ಟೇ’ ಎಂಬುದು ಎಲ್ಲ ಕಡೆ ಹಬ್ಬಿರುವ ಕತೆ. ಅಷ್ಟೇ ಆಗಿದ್ದರೆ ಗುಂಡಿ ಆರಿಸಿದವರೆಲ್ಲ ಡಿಲ್ಲಾ ಆಗಬೇಕಿತ್ತು. ಡ್ಯಾನ್ ಚಾರ್ನಸ್ 2022ರಲ್ಲಿ ಬರೆದ ದಪ್ಪ ಜೀವನಚರಿತ್ರೆ ಈ ಕತೆಯನ್ನೇ ಮುರಿಯುತ್ತದೆ. ಡಿಲ್ಲಾ ಪ್ರತಿಯೊಂದು ಸದ್ದಿಗೂ ಬೇರೆ ಬೇರೆ ನಿಯಮ ಇಟ್ಟ. ಒಂದು ಸದ್ದು ನೇರ ನಡೆ, ಇನ್ನೊಂದು ತೂಗುವ ನಡೆ, ಮೂರನೆಯದನ್ನು ಇಡಿಯಾಗಿ ಹಿಂದಕ್ಕೋ ಮುಂದಕ್ಕೋ ಸರಿಸಿದ್ದು. ಎಲ್ಲವೂ ಏಕಕಾಲಕ್ಕೆ.

ಆ ಯಂತ್ರ ಒಂದು ಬೀಟನ್ನು, ಅಂದರೆ ತಾಳದ ಒಂದು ಎಣಿಕೆಯನ್ನು, 96 ತುಂಡು ಮಾಡಿ ಲೆಕ್ಕ ಇಡುತ್ತದೆ. ನಿಮಿಷಕ್ಕೆ 90 ಬೀಟ್ ಓಡುವ ಹಾಡಿನಲ್ಲಿ ಒಂದು ತುಂಡು ಎಂದರೆ ಸುಮಾರು 7 ಮಿಲಿಸೆಕೆಂಡ್. ಸ್ನೇರನ್ನು ಮೂರು ತುಂಡು ಮುಂಚೆ ಎಳೆದರೆ ಸುಮಾರು 21 ಮಿಲಿಸೆಕೆಂಡ್ ಆಯಿತು. ಅದು ತಪ್ಪು ಎಂದು ಕಿವಿಗೆ ಬಡಿಯುವುದಿಲ್ಲ, ಆದರೆ ಮೈಗೆ ಗೊತ್ತಾಗುತ್ತದೆ. ಕೈತಪ್ಪಾದರೆ ಪ್ರತಿ ಸುತ್ತಿನಲ್ಲೂ ಬೇರೆ ಜಾಗಕ್ಕೆ ಬೀಳಬೇಕಿತ್ತು. ಇವನದು ಪ್ರತಿ ಸುತ್ತಿನಲ್ಲೂ ಅದೇ ಜಾಗಕ್ಕೆ ‘ತಪ್ಪಿ’ ಬೀಳುತ್ತದೆ. ಆವರ್ತನ ಸರ್, ದಯವಿಟ್ಟು ಅದನ್ನೊಮ್ಮೆ ಎಣಿಸಿ ನೋಡಿ.

ಇನ್ನೊಂದು: ನಿಮ್ಮ ಅಳಿಯ ಡಿಲ್ಲಾನ ‘ಡೋನಟ್ಸ್’ ಆಲ್ಬಮ್ ಕೇಳಿಸಿದ್ದರೆ ಈ ಎಡವುವಿಕೆ ಅಷ್ಟು ಕಾಣುವುದಿಲ್ಲ, ಅಲ್ಲಿ ಹೆಚ್ಚಿನದು ತಟ್ಟೆಗಳ ತುಣುಕಿನ ಆಟ. ಸ್ಲಮ್ ವಿಲೇಜ್‌ನ ‘ಫೆಂಟಾಸ್ಟಿಕ್, ಸಂಪುಟ 2’ ಕೇಳಿ, 2000ದ್ದು.

ತನಿ ಆವರ್ತನ | ಬೆಳಿಗ್ಗೆ 9:10

ಪ್ರತಿ ಸುತ್ತಿಗೂ ಅದೇ ಜಾಗ ಎಂಬ ಮಾತು ತಲೆಯೊಳಗೆ ಕೂತಿತು. ಅದು ನಿಜವಾದರೆ ನಾನು ಸೋತಂತೆ. ಆದರೆ ಇದು ಯಾವ ನಡೆ? ನಾಲ್ಕರ ಚತುರಶ್ರವೂ ಅಲ್ಲ, ಮೂರರ ತಿಶ್ರವೂ ಅಲ್ಲ.

ಎರಡನೇ ಕಾಲ | ಬೆಳಿಗ್ಗೆ 9:26

ಅದೇ ಮಜಾ. ಎರಡು ಪೆಟ್ಟುಗಳ ಜೋಡಿ ಎಂದುಕೊಳ್ಳಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಸಮ ಕಾಲ ಕೊಟ್ಟರೆ ಯಂತ್ರದ ಭಾಷೆಯಲ್ಲಿ 50 ಪ್ರತಿಶತ, ನಿಮ್ಮ ಚತುರಶ್ರ. ಎರಡು ಪಾಲು ಮತ್ತು ಒಂದು ಪಾಲು ಎಂದು ಹಂಚಿದರೆ 66, ಅದು ತಿಶ್ರದ ತೂಗು. ಡಿಲ್ಲಾನ ಕೆಲವು ಹಾಡುಗಳನ್ನು ಇಂದಿನ ಡ್ರಮ್ ವಾದಕರು ಮೂರು ಪಾಲು ಮತ್ತು ಎರಡು ಪಾಲು ಎಂದು ವಿವರಿಸುತ್ತಾರೆ, 60 ಪ್ರತಿಶತ. ಐದರ ಲೆಕ್ಕ. ಅಂದರೆ ಖಂಡ ನಡೆ! ಅಲ್ಲಿನ ಜಾಝ್ ಶಾಲೆಯ ಹುಡುಗರು ಇದನ್ನು ದೊಡ್ಡ ಶೋಧವೆಂಬಂತೆ ಅಭ್ಯಾಸ ಮಾಡುತ್ತಾರೆ. ನಮ್ಮ ಮೃದಂಗದ ಹುಡುಗ ‘ತಕತಕಿಟ’ ಎಂದು ಒಂಬತ್ತನೇ ವಯಸ್ಸಿಗೇ ಹೇಳುತ್ತಾನೆ.

ಕತ್ತರಿ | ಬೆಳಿಗ್ಗೆ 9:33

ಬಂತು ನೋಡಿ, ‘ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು’. ಖಂಡ ನಡೆಯಲ್ಲಿ ಇಡೀ ಕಛೇರಿ ಐದರ ಲೆಕ್ಕಕ್ಕೆ ಒಪ್ಪಿ ನಡೆಯುತ್ತದೆ. ಡಿಲ್ಲಾನಲ್ಲಿ ಹೈಹ್ಯಾಟ್ ನಾಲ್ಕರಲ್ಲಿ, ಕಿಕ್ ಇನ್ನೆಲ್ಲೋ. ಯಾರೂ ಯಾರಿಗೂ ಒಪ್ಪಿಲ್ಲ. ಅವನು ಲೆಕ್ಕ ಹಾಕಿಯೂ ಮಾಡಲಿಲ್ಲ, ಕಿವಿಯಿಂದ ಮಾಡಿದ. ಖಂಡ ಎನ್ನುವುದು ನಾವು ಆಮೇಲೆ ಅಂಟಿಸಿದ ಚೀಟಿ.

ಎರಡನೇ ಕಾಲ | ಬೆಳಿಗ್ಗೆ 9:36

‘ಹತ್ತಿರದ ಲೆಕ್ಕ’ ಎಂದು ಒಪ್ಪುತ್ತೇನೆ. ಹೆಮ್ಮೆ ಸ್ವಲ್ಪ ಜಾಸ್ತಿಯಾಯಿತು.

ಒರಳುಕಲ್ಲು | ಬೆಳಿಗ್ಗೆ 10:20

ನನಗೆ ಈ ಯಂತ್ರ, ಪ್ರತಿಶತ ತಿಳಿಯುವುದಿಲ್ಲ. ಆದರೆ ಮೇಲೆ ಬರೆದದ್ದನ್ನು ಓದುತ್ತಾ ಒಂದು ಸದ್ದು ನೆನಪಾಯಿತು. ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜಿ ಮತ್ತು ಚಿಕ್ಕಮ್ಮ ಅವಲಕ್ಕಿ ಕುಟ್ಟುತ್ತಿದ್ದರು, ಒಂದೇ ಒರಳು, ಎರಡು ಒನಕೆ. ಅಜ್ಜಿಯ ಪೆಟ್ಟು ಗಡಿಯಾರ. ಚಿಕ್ಕಮ್ಮನಿಗೆ ಒಂದು ತೋಳಿನಲ್ಲಿ ಹಳೆಯ ನೋವು, ಅವರ ಒನಕೆ ಪ್ರತಿ ಸಲವೂ ಒಂದು ಉಸಿರು ತಡವಾಗಿ ಇಳಿಯುತ್ತಿತ್ತು. ಧಡ್... ಧಡಕ್, ಧಡ್... ಧಡಕ್. ಒನಕೆಗಳು ಒಂದು ದಿನವೂ ಒಂದಕ್ಕೊಂದು ತಾಗಲಿಲ್ಲ. ಜಗಲಿಯಲ್ಲಿ ಮಲಗಿದ್ದ ನಮ್ಮ ಕಾಲು ತಾನಾಗಿ ಕುಣಿಯುತ್ತಿತ್ತು. ಒಂದು ವರ್ಷ ಚಿಕ್ಕಮ್ಮ ಬಾಣಂತನಕ್ಕೆ ಹೋದರು, ಪಕ್ಕದ ಮನೆಯವರು ಬಂದು ಅಜ್ಜಿಯ ಜೊತೆ ಸಮಸಮಕ್ಕೆ ಕುಟ್ಟಿದರು. ಅವಲಕ್ಕಿ ಚೆನ್ನಾಗಿಯೇ ಆಯಿತು. ಸದ್ದು ಮಾತ್ರ ಮಿಲ್ಲಿನದು.

ನೀವು ಹೇಳುವುದು ಇದೇ ಏನು?

ಎರಡನೇ ಕಾಲ | ಬೆಳಿಗ್ಗೆ 10:24

ಮೇಡಂ, ನಾನು 96 ತುಂಡು ಮಾಡಿ ಹೇಳಲಾಗದ್ದನ್ನು ಎರಡು ಒನಕೆಯಲ್ಲಿ ಹೇಳಿದಿರಿ.

ಧೂಳು ಕೂತ ತಟ್ಟೆ | ಬೆಳಿಗ್ಗೆ 11:05

ಲಯದ ಚರ್ಚೆಯಲ್ಲಿ ಮನುಷ್ಯ ಕಳೆದುಹೋಗುತ್ತಿದ್ದಾನೆ, ಅವನ ಕೆಲಸವನ್ನು ಸ್ವಲ್ಪ ಹೇಳುತ್ತೇನೆ. 1994ರಲ್ಲಿ ಆಂಪ್ ಫಿಡ್ಲರ್ ಮೂಲಕ ಡಿಲ್ಲಾನ ಕ್ಯಾಸೆಟ್ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ತಂಡದ ಕ್ಯೂ-ಟಿಪ್ ಕೈಗೆ ಸೇರಿತು. ಅಲ್ಲಿಂದ ಬಾಗಿಲು ತೆರೆಯಿತು. ಮರುವರ್ಷ ಫಾರ್‌ಸೈಡ್ ತಂಡಕ್ಕೆ ‘ರನ್ನಿನ್’ ಮತ್ತು ‘ಡ್ರಾಪ್’. 1996ರಲ್ಲಿ ಡಿ ಲಾ ಸೋಲ್ ತಂಡದ ಆಲ್ಬಮ್‌ನ ಶೀರ್ಷಿಕೆ ಗೀತೆ, ಮತ್ತು ಟ್ರೈಬ್‌ನ ಆಲ್ಬಮ್. ಆಗ ಅವನು, ಕ್ಯೂ-ಟಿಪ್, ಅಲಿ ಶಹೀದ್ ಮುಹಮ್ಮದ್ ಮೂವರೂ ‘ದ ಉಮ್ಮಾ’ ಎಂಬ ಒಂದೇ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದರು. ಹೀಗಾಗಿ ಯಾವ ಬೀಟ್ ಯಾರದು ಎಂದು ಕೇಳುಗನಿಗೆ ತಿಳಿಯುತ್ತಿರಲಿಲ್ಲ. 1997ರ ಜಾನೆಟ್ ಜಾಕ್ಸನ್ ಹಾಡೊಂದು ತನ್ನದೇ ಎಂದು ಅವನು ಹೇಳಿಕೊಂಡ, ಆದರೆ ತಟ್ಟೆಯ ಮೇಲೆ ಜಿಮ್ಮಿ ಜ್ಯಾಮ್, ಟೆರಿ ಲೂಯಿಸ್ ಎಂಬ ನಿರ್ಮಾಪಕರ ಹೆಸರಿತ್ತು. ಆ ಜಗಳ ಇಂದಿಗೂ ಅಭಿಮಾನಿಗಳ ನಡುವೆ ಇದೆ.

2000ದ ಸುಮಾರಿಗೆ ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದಲ್ಲಿ ಕ್ವೆಸ್ಟ್‌ಲವ್, ಡಿ’ಆಂಜೆಲೊ, ಜೇಮ್ಸ್ ಪಾಯ್ಸರ್ ಎಂಬ ಸಂಗೀತಗಾರರ ಗುಂಪಿನಲ್ಲಿ ಡಿಲ್ಲಾನೂ ಇದ್ದ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಟ್ಟಿಸಿದ ಸ್ಟುಡಿಯೋ ಅದು. ಕಾಮನ್, ಎರಿಕಾ ಬಾಡು ಅವರ ಆಲ್ಬಮ್‌ಗಳು ಅಲ್ಲಿ ಹುಟ್ಟಿದವು. ಡಿ’ಆಂಜೆಲೊನ ‘ವೂಡೂ’ ಆಲ್ಬಮ್‌ನಲ್ಲಿ ಕ್ವೆಸ್ಟ್‌ಲವ್ ಡ್ರಮ್ ಕೇಳಿ. ಆ ಹಿರಿಯ ಡ್ರಮ್ ವಾದಕ ತಾನು ಕಲಿತ ಶಿಸ್ತನ್ನೆಲ್ಲ ಬಿಚ್ಚಿಟ್ಟು ಡಿಲ್ಲಾನ ಯಂತ್ರದ ಹಾಗೆ ತೂರಾಡಿ ನುಡಿಸಿದ್ದಾನೆ. ಮನುಷ್ಯನನ್ನು ಅನುಕರಿಸಲು ಯಂತ್ರ ಹುಟ್ಟಿತು, ಕೊನೆಗೆ ಮನುಷ್ಯ ಕೂತು ಯಂತ್ರದ ಪಾಠ ಒಪ್ಪಿಸಿದ.

ಸುಮ್ಮನೆ ಓದುಗ | ಬೆಳಿಗ್ಗೆ 11:12

ಜೇ ಡೀ ಎಂದು ಒಂದು ಕಡೆ ನೋಡಿದೆ. ಅದು ಇನ್ನೊಬ್ಬ ನಿರ್ಮಾಪಕ ಜರ್ಮೇನ್ ಡುಪ್ರಿ ಅಲ್ಲವೇ?

ಧೂಳು ಕೂತ ತಟ್ಟೆ | ಬೆಳಿಗ್ಗೆ 11:15

ಇದೇ ಗೊಂದಲಕ್ಕೆ ಹೆಸರು ಬದಲಿಸಿದ್ದು! ಮೊದಲು ಜೇ ಡೀ ಎಂದೇ ಇದ್ದ. ಅಟ್ಲಾಂಟಾದ ಡುಪ್ರಿಯನ್ನೂ ಜೆಡಿ ಎನ್ನುತ್ತಿದ್ದರು. 2001ರ ಹೊತ್ತಿಗೆ ಜೇ ಡಿಲ್ಲಾ ಆದ.

ಹಳೆಯ ಕ್ಯಾಸೆಟ್ | ಮಧ್ಯಾಹ್ನ 12:20

ಮೊದಲ ಬರಹದಲ್ಲಿ ರ‍್ಯಾಪರ್ ಎಂದೂ ಇದೆ. ಅವನ ರ‍್ಯಾಪ್ ಬಗ್ಗೆ ಯಾರೂ ಏಕೆ ಬಾಯಿ ಬಿಡುತ್ತಿಲ್ಲ?

ಕತ್ತರಿ | ಮಧ್ಯಾಹ್ನ 12:41

ಸಿಕ್ಕಿಬಿದ್ದೆವು. ನಿಜ ಹೇಳಬೇಕೆಂದರೆ ರ‍್ಯಾಪರ್ ಆಗಿ ಅವನು ಸಾಧಾರಣ. ಕಾರು, ಹುಡುಗಿ, ಚಿನ್ನದ ಸರ. ಸ್ಲಮ್ ವಿಲೇಜ್‌ನ ಸಾಲುಗಳಲ್ಲಿ ಹುರುಳಿಲ್ಲ ಎಂದು ಆಗಲೇ ವಿಮರ್ಶಕರು ಬೈದಿದ್ದರು.

ಧೂಳು ಕೂತ ತಟ್ಟೆ | ಮಧ್ಯಾಹ್ನ 12:58

ಒಪ್ಪುವುದಿಲ್ಲ. ಅವನ ಮಾತನ್ನು ಅರ್ಥಕ್ಕಾಗಿ ಕೇಳಬೇಡಿ, ಎಲ್ಲಿ ಬೀಳುತ್ತದೆ ಎಂದು ಕೇಳಿ. ಬಾಯಿಯೂ ಇನ್ನೊಂದು ಡ್ರಮ್. ಅವನಿಗಂತೂ ರ‍್ಯಾಪರ್ ಆಗುವ ಆಸೆ ಗಟ್ಟಿಯಾಗಿಯೇ ಇತ್ತು. ಎಂಸಿಎ ಎಂಬ ದೊಡ್ಡ ಕಂಪನಿ 2002ರ ಸುಮಾರಿಗೆ ಅವನ ಆಲ್ಬಮ್‌ಗೆ ಒಪ್ಪಂದ ಮಾಡಿಕೊಂಡಿತು. ಜಗತ್ತು ಬಯಸಿದ್ದು ಅವನ ಬೀಟ್. ಇವನು ಪೀಟ್ ರಾಕ್, ಮ್ಯಾಡ್‌ಲಿಬ್ ಮೊದಲಾದ ನಿರ್ಮಾಪಕರ ಬೀಟ್ ತರಿಸಿಕೊಂಡು ತಾನು ಹೆಚ್ಚಾಗಿ ರ‍್ಯಾಪ್ ಮಾಡುತ್ತೇನೆಂದು ಕೂತ! ಅಡುಗೆ ಭಟ್ಟರನ್ನು ಮದುವೆಗೆ ಕರೆಸಿದರೆ ಅವರು ನಾದಸ್ವರ ಊದುತ್ತೇನೆ ಎಂದ ಹಾಗೆ. ಕಂಪನಿ ಆಲ್ಬಮ್ಮನ್ನು ಕಪಾಟಿಗೆ ಸೇರಿಸಿತು. ಅದು ಹೊರಬಂದದ್ದು 2016ರಲ್ಲಿ, ಅವನು ಸತ್ತು ಹತ್ತು ವರ್ಷದ ಮೇಲೆ.

ಆ ಸಿಟ್ಟಿಗೆ 2003ರಲ್ಲಿ ‘ರಫ್ ಡ್ರಾಫ್ಟ್’ ಎಂಬ ಒರಟು ತಟ್ಟೆಯನ್ನು ತನ್ನದೇ ಲೇಬಲ್ಲಿನಿಂದ, ಜರ್ಮನಿಯ ವಿತರಕರ ಮೂಲಕ ತಂದ. ಅದೇ ವರ್ಷ ಮ್ಯಾಡ್‌ಲಿಬ್ ಜೊತೆ ‘ಜೇಲಿಬ್’ ಎಂಬ ಜೋಡಿ. ಒಬ್ಬನ ಬೀಟ್‌ಗೆ ಇನ್ನೊಬ್ಬ ರ‍್ಯಾಪ್. ಒಬ್ಬ ಡೆಟ್ರಾಯಿಟ್, ಇನ್ನೊಬ್ಬ ಕ್ಯಾಲಿಫೋರ್ನಿಯಾ, ಸಿಡಿಗಳನ್ನು ಅತ್ತಿತ್ತ ಕಳುಹಿಸಿ ಮಾಡಿದ್ದು.

ಬಿಳಿ ಕೋಟು | ಮಧ್ಯಾಹ್ನ 2:30

ಕಾಯಿಲೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ. ಅವರಿಗೆ ಇದ್ದದ್ದು ಟಿಟಿಪಿ ಎಂಬ ಅಪರೂಪದ ರಕ್ತದ ಕಾಯಿಲೆ, ಜೊತೆಗೆ ಲೂಪಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ. ಟಿಟಿಪಿಯಲ್ಲಿ ಅತಿ ಸಣ್ಣ ರಕ್ತನಾಳಗಳ ತುಂಬ ಪುಟ್ಟ ಪುಟ್ಟ ಹೆಪ್ಪುಗಳಾಗುತ್ತವೆ. ಪ್ಲೇಟ್‌ಲೆಟ್‌ಗಳೆಲ್ಲ ಅಲ್ಲಿಯೇ ಖರ್ಚಾಗಿ ಉಳಿದ ರಕ್ತದಲ್ಲಿ ಕೊರತೆ ಬೀಳುತ್ತದೆ. ಮಿದುಳು, ಮೂತ್ರಪಿಂಡ, ಹೃದಯ ಯಾವುದಕ್ಕೂ ಪೆಟ್ಟು ಬೀಳಬಹುದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಂತೆ ಎಂದು ಜನ ತಿಳಿಯುತ್ತಾರೆ, ಅಲ್ಲ. ಇಲ್ಲಿ ಪ್ಲೇಟ್‌ಲೆಟ್ ಏರಿಸುವುದು ಪರಿಹಾರವಲ್ಲ, ರೋಗಿಯ ಪ್ಲಾಸ್ಮಾ ತೆಗೆದು ದಾನಿಯ ಪ್ಲಾಸ್ಮಾ ಕೊಡಬೇಕು, ದಿನದಿನವೂ. ಚಿಕಿತ್ಸೆಯಿಲ್ಲದಿದ್ದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುವುದಿಲ್ಲ. ನಾನು ವೃತ್ತಿಯಲ್ಲಿ ಕಂಡದ್ದು ಎರಡೇ ಪ್ರಕರಣ. ಎರಡನೆಯವಳು ಈಗ ಶಾಲೆಯಲ್ಲಿ ಪಾಠ ಮಾಡುತ್ತಾಳೆ.

ಹಿಮದೂರು | ಮಧ್ಯಾಹ್ನ 3:10

2004ರಲ್ಲಿ ಲಾಸ್ ಏಂಜಲೀಸ್‌ಗೆ ಹೋದ, ಕಾಮನ್ ಜೊತೆ ಮನೆ ಹಂಚಿಕೊಂಡ. ಆಮೇಲೆ ಸೀಡರ್ಸ್-ಸೈನೈ ಆಸ್ಪತ್ರೆಗೂ ಮನೆಗೂ ಓಡಾಟ. 2005ರ ಕೊನೆಗೆ ಯುರೋಪಿನಲ್ಲಿ ಗಾಲಿಕುರ್ಚಿಯಲ್ಲಿ ಕೂತೇ ಕಾರ್ಯಕ್ರಮ ಕೊಟ್ಟ. ತಾಯಿ ಡೆಟ್ರಾಯಿಟ್ ಬಿಟ್ಟು ಬಂದು ಜೊತೆಗೇ ಇದ್ದರು. ಆಸ್ಪತ್ರೆಗೆ ಹಳೆಯ ತಟ್ಟೆಗಳ ಪೆಟ್ಟಿಗೆ ಹೊತ್ತು ತಂದರೆ ಈತ ಬಹುತೇಕವನ್ನು ‘ಬೇಡ’ ಎಂದು ತಳ್ಳುತ್ತಿದ್ದನಂತೆ. ಊದಿಕೊಂಡ ಬೆರಳುಗಳನ್ನು ಅವರು ತಿಕ್ಕಿಕೊಟ್ಟರೆ ಮತ್ತೆ ಕೆಲಸಕ್ಕೆ ಕೂರುತ್ತಿದ್ದ. ‘ಡೋನಟ್ಸ್’ ಹುಟ್ಟಿದ್ದು ಹಾಗೆ, ಆಸ್ಪತ್ರೆಯ ಹಾಸಿಗೆಯ ಮೇಲೆ.

ಎರಡನೇ ಕಾಲ | ಮಧ್ಯಾಹ್ನ 3:22

ಮತ್ತೆ ಅಡ್ಡ ಬರುತ್ತಿದ್ದೇನೆ, ಬೈಯಬೇಡಿ. ಆಸ್ಪತ್ರೆಯಲ್ಲಿ ಅವನು ಕೆಲಸ ಮಾಡಿದ್ದು ನಿಜ. ಆದರೆ ‘ಡೋನಟ್ಸ್’ನ ಬಹುಪಾಲು ಬೀಟ್‌ಗಳು ಅದಕ್ಕೂ ಮೊದಲೇ ಮನೆಯಲ್ಲಿ ಸಿದ್ಧವಾಗಿದ್ದವು ಎಂದು ಚಾರ್ನಸ್ ಪುಸ್ತಕ ಹೇಳುತ್ತದೆ. ಸಾಯುವ ಹಾಸಿಗೆಯಲ್ಲಿ ಪೂರ್ತಿ ಆಲ್ಬಮ್ ಎಂಬುದು ಜನ ಕೇಳಲು ಬಯಸುವ ಕತೆ.

ಹಿಮದೂರು | ಮಧ್ಯಾಹ್ನ 3:30

ಇರಬಹುದು. ತಾಯಿ ಬೆರಳು ತಿಕ್ಕಿದ್ದು ಕತೆಯಲ್ಲ.

ಎರಡನೇ ಕಾಲ | ಮಧ್ಯಾಹ್ನ 3:31

ಅದನ್ನು ನಾನು ಮುಟ್ಟಲಿಲ್ಲ ಸರ್.

ಧೂಳು ಕೂತ ತಟ್ಟೆ | ಸಂಜೆ 4:15

31 ತುಣುಕು, ಹೆಚ್ಚಿನವು ಒಂದೆರಡು ನಿಮಿಷ. ಮೊದಲ ತುಣುಕಿನ ಹೆಸರಿನಲ್ಲೇ ‘ಔಟ್ರೊ’, ಅಂದರೆ ಮುಕ್ತಾಯ, ಎಂದಿದೆ, ಕೊನೆಯದರ ಹೆಸರು ಪ್ರದರ್ಶನಕ್ಕೆ ಸ್ವಾಗತ ಎಂಬ ಅರ್ಥದ್ದು. ಕೊನೆಯದು ಮುಗಿದಲ್ಲಿ ಮೊದಲನೆಯದು ಕೂಡಿಕೊಳ್ಳುತ್ತದೆ, ಬಳೆಯ ಹಾಗೆ. 2006ರ ಫೆಬ್ರವರಿ 7ರಂದು, ಅವನ ಮೂವತ್ತೆರಡನೇ ಹುಟ್ಟುಹಬ್ಬದ ದಿನ ಬಿಡುಗಡೆಯಾಯಿತು. ಮೂರನೇ ದಿನ, 10ರಂದು, ಅವನು ಹೋದ. ಮುಗಿಯದೆ ಉಳಿದಿದ್ದ ‘ದ ಶೈನಿಂಗ್’ ಆಲ್ಬಮ್ಮನ್ನು ಡ್ರಮ್ ವಾದಕ ಕರೀಮ್ ರಿಗಿನ್ಸ್ ಪೂರ್ತಿ ಮಾಡಿದರು.

ಚಕ್ಕುಲಿ | ಸಂಜೆ 4:20

ಡೋನಟ್ ಎಂದರೆ ಸಿಹಿ ಉದ್ದಿನವಡೆ ತಾನೇ? ಆಲ್ಬಮ್‌ಗೆ ಆ ಹೆಸರು ಏಕೆ?

ಹಿಮದೂರು | ಸಂಜೆ 4:44

ಅವನಿಗೆ ತಿನ್ನಲು ಇಷ್ಟ, ಅಷ್ಟೇ. ತಟ್ಟೆಯೂ ನಡುವೆ ತೂತಿರುವ ದುಂಡಗಿನದು. 2016ರಲ್ಲಿ ಅವನ ಸೋದರಮಾವ ಡೆಟ್ರಾಯಿಟ್‌ನಲ್ಲಿ ಅವನ ಹೆಸರಿನ ಡೋನಟ್ ಅಂಗಡಿಯನ್ನೇ ತೆರೆದರು. ನಾನು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗ ‘ಹಾಡು ಕೇಳುತ್ತೀರಾ, ತಿನ್ನಲು ಬಂದಿದ್ದೀರಾ’ ಎಂದ. ಎರಡೂ ಎಂದೆ. ಒಂದು ಹೆಚ್ಚಿಗೆ ಹಾಕಿಕೊಟ್ಟ.

ಇನ್ನು ಆಸ್ತಿಯ ಕತೆ ಕಹಿ. ತೆರಿಗೆ ಬಾಕಿ, ಆಸ್ಪತ್ರೆಯ ಸಾಲ, ಉಯಿಲಿನ ನಿರ್ವಾಹಕರಿಗೂ ತಾಯಿಗೂ ವರ್ಷಗಟ್ಟಲೆ ತಗಾದೆ. ಮಗನ ಹೆಸರನ್ನು ಬಳಸಲು ತಾಯಿ ಅನುಮತಿ ಕೇಳಬೇಕಾದ ಸ್ಥಿತಿ.

ಕರಿ ಕೋಟು | ಸಂಜೆ 4:50

ಕಲಾವಿದರೇ, ಉಯಿಲು ಬರೆದರೆ ಸಾಲದು, ಯಾರನ್ನು ನಿರ್ವಾಹಕರಾಗಿ ನೇಮಿಸುತ್ತೀರಿ ಎಂದು ಮನೆಯವರಿಗೆ ತಿಳಿಸಿ. ಸಲಹೆಗೆ ಶುಲ್ಕವಿಲ್ಲ.

ಹಳೆಯ ಕ್ಯಾಸೆಟ್ | ಸಂಜೆ 5:35

ನಾನು ನಿನ್ನೆ ಕಟುವಾಗಿ ಬರೆದೆ. ಮಧ್ಯಾಹ್ನ ಕೂತು ‘ದ ಲೈಟ್’ ಕೇಳಿದೆ, ಆಮೇಲೆ ಬಾಬಿ ಕಾಲ್ಡ್‌ವೆಲ್ ಅವರ ಮೂಲವನ್ನೂ ಕೇಳಿದೆ. ಮೂಲವೇ ನನಗೆ ಹೆಚ್ಚು ಹಿಡಿಸಿತು, ಅಭಿಪ್ರಾಯ ಬದಲಿಸುವುದಿಲ್ಲ. ಆದರೆ ಕಾಲ್ಡ್‌ವೆಲ್ ಎಂಬವರು ಇದ್ದರೆಂದು ನನಗೆ ತಿಳಿದದ್ದು ಈ ಕತ್ತರಿ ಕೆಲಸದಿಂದ. ಅಷ್ಟನ್ನು ಒಪ್ಪಬೇಕು.

ಅಂದ ಹಾಗೆ ನನ್ನ ಹಳೆಯ ಟೇಪ್ ರೆಕಾರ್ಡರಿನ ಬೆಲ್ಟ್ ಸಡಿಲವಾಗಿ ಹಾಡುಗಳೆಲ್ಲ ತೂಗಾಡುತ್ತಿದ್ದವು. ಹೊಸ ಬೆಲ್ಟ್ ಹಾಕಿಸಿದ ಮೇಲೆ ಹಾಡು ಬೋಳು ಬೋಳು ಎನಿಸಿತ್ತು. ಯಾರಿಗೂ ಹೇಳಿರಲಿಲ್ಲ.

ಕತ್ತರಿ | ಸಂಜೆ 5:37

ಸ್ವಾಗತ ಸರ್. ನೀವು ನಮ್ಮ ಕಡೆಯವರೇ.

ಹಳೆಯ ಕ್ಯಾಸೆಟ್ | ಸಂಜೆ 5:38

ಅಲ್ಲ.

ತನಿ ಆವರ್ತನ | ರಾತ್ರಿ 9:15

ಸಂಜೆ ಅಳಿಯನನ್ನು ಕರೆದೆ. ‘ಫೆಂಟಾಸ್ಟಿಕ್’ ಎರಡನೇ ಸಂಪುಟ ಹಾಕಿಸಿದೆ. ಅವನು ಹೈಹ್ಯಾಟ್‌ಗೆ ಕೈ ತಟ್ಟಿದ, ನಾನು ಕಣ್ಣು ಮುಚ್ಚಿ ಕಿಕ್ ಹಿಂದೆ ಹೋದೆ. ಹತ್ತು ಸುತ್ತು ಎಣಿಸಿದೆ. ಹತ್ತಕ್ಕೆ ಹತ್ತೂ ಅದೇ ಜಾಗ. ಅದೇ ತಡ. ಕೈತಪ್ಪಿದವನಿಗೆ ಹೀಗೆ ಬರುವುದಿಲ್ಲ, ಹೀಗೆ ತಪ್ಪಲು ಕಾಲಪ್ರಮಾಣ ಮೂಳೆಯೊಳಗೆ ಇರಬೇಕು. ಒರಳುಕಲ್ಲು ಅವರ ಚಿಕ್ಕಮ್ಮನ ತೋಳು ನೆನಪಾಯಿತು.

ಮೃದಂಗ ತೆಗೆದು ಜೊತೆಗೆ ನುಡಿಸಲು ಹೋದೆ. ಎಡಗೈ ಒಪ್ಪಿತು. ಬಲಗೈ ಮೂವತ್ತು ವರ್ಷದ ಅಭ್ಯಾಸ, ಪ್ರತಿ ಸಲ ಸಮಕ್ಕೆ ಓಡಿಹೋಗಿ ನಿಲ್ಲುತ್ತದೆ. ಹುಡುಗ ಎರಡು ದಿನದ ಸಿಟ್ಟನ್ನೆಲ್ಲ ಸೇರಿಸಿ ನಕ್ಕ. ‘ಮಾವ, ನೀವು ಬಹಳ ಸರಿ ನುಡಿಸುತ್ತಿದ್ದೀರಿ’ ಎಂದ.

ಒರಳುಕಲ್ಲು | ರಾತ್ರಿ 9:21

ಮಾತು ಬಿಟ್ಟವನು ಊಟಕ್ಕೆ ಬಂದನೇ?

ತನಿ ಆವರ್ತನ | ರಾತ್ರಿ 9:24

ಬಂದ. ಎರಡು ಸಲ ಸಾರು ಹಾಕಿಸಿಕೊಂಡ. ಈಗ ಒಳಗಿನ ಕೋಣೆಯಿಂದ ಮತ್ತೆ ಅದೇ ಕಿಕ್ ಕೇಳಿಸುತ್ತಿದೆ. ನಾಳೆ ಬ್ಯಾಂಕಿದೆ, ಮಲಗಬೇಕು, ಆದರೆ ಹನ್ನೊಂದನೇ ಸುತ್ತು ಎಣಿಸುತ್ತಾ ಕೂತಿದ್ದೇನೆ.